ಹತ್ತೊಂಬತ್ತನೆಯ ಮಹಡಿಯ ಅಧ್ಯಕ್ಷರು

ಐವತ್ತೆರಡು ವರ್ಷಗಳ ಬದುಕಿನಲ್ಲಿ ಜಯಕರ ಹೋಲಿಸಿ ನೋಡದೆ ತೆಗೆದುಕೊಂಡದ್ದು ಒಂದೇ ಒಂದು: ಹುಟ್ಟಿದ ಕೂಡಲೇ ಎಳೆದ ಮೊದಲ ಉಸಿರು. ಎರಡನೆಯದನ್ನು ಮೊದಲನೆಯದರ ಜೊತೆ ಹೋಲಿಸಿಯೇ ಎಳೆದಿರಬೇಕು ಎಂದು ಅವನ ಹೆಂಡತಿ ವೇದಾ ಹೇಳುತ್ತಿದ್ದಳು. ಹಾಗೆ ಹೇಳುವ ಹಕ್ಕು ಅವಳಿಗಿತ್ತು. ಉಡುಪಿಯಿಂದ ಮೈಸೂರಿಗೆ ಹೆಣ್ಣು ನೋಡಲು ಬಂದಾಗ ಜಯಕರನ ಜೇಬಿನಿಂದ ಒಂದು ಚೀಟಿ ಕೆಳಗೆ ಬಿದ್ದಿತ್ತು. ಅದರಲ್ಲಿ ಐದು ಹೆಸರು, ಒಂಬತ್ತು ಗುಣ, ಪ್ರತಿಯೊಂದಕ್ಕೂ ಅಂಕ. "ನಾನು ಎಷ್ಟನೆಯವಳು?" ಎಂದು ಅವಳು ಕೇಳಿದಳು. "ಸದ್ಯಕ್ಕೆ ಎರಡನೆಯವಳು" ಎಂದು ಅವನು ಪ್ರಾಮಾಣಿಕವಾಗಿ ಉತ್ತರಿಸಿದ. ಅವಳು ಬಿದ್ದು ಬಿದ್ದು ನಕ್ಕಳು. ಪಟ್ಟಿಯಲ್ಲಿ ನಗುವಿಗೆ ಜಾಗವಿರಲಿಲ್ಲ. ಜಯಕರ ಅಲ್ಲೇ ಪೆನ್ನು ತೆಗೆದು ಹತ್ತನೆಯ ಸಾಲು ಸೇರಿಸಿದ, ಅವಳು ಮೊದಲನೆಯವಳಾದಳು.

ಕಡಲಾಚೆಯ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ಗೆ ಬಂದ ಮೇಲೆ ಈ ರೋಗಕ್ಕೆ ಸಂಬಳವೂ ಸಿಕ್ಕಿತು. ಚಿಪ್ ಕಾರ್ಖಾನೆಯಲ್ಲಿ ಅವನು ಟೆಸ್ಟ್ ಇಂಜಿನಿಯರ್. ಅಲ್ಲಿ ಪ್ರತಿದಿನ ಬೆಳಿಗ್ಗೆ ಪರೀಕ್ಷೆಯ ಯಂತ್ರಕ್ಕೆ ಮೊದಲು ಉಣಿಸುವುದು ಒಂದು ವಿಶೇಷ ಚಿಪ್ಪನ್ನು. ಅದು ಎಲ್ಲ ರೀತಿಯಲ್ಲೂ ಸರಿಯಿದೆ ಎಂದು ಮೊದಲೇ ಖಾತ್ರಿಯಾದದ್ದು. ಉಳಿದ ಸಾವಿರಾರು ಚಿಪ್ಪುಗಳ ಹಣೆಬರಹವನ್ನು ಅದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಅದಕ್ಕೆ 'ಗೋಲ್ಡನ್ ಯೂನಿಟ್' ಎಂದು ಹೆಸರು. ಈ ಪದ್ಧತಿಯನ್ನು ಜಯಕರ ಮನೆಗೂ ತಂದ. ಅನ್ನದ ಕುಕ್ಕರ್ ಕೊಳ್ಳುವಾಗ ಅವನ ಅಮ್ಮನ ಹಿತ್ತಾಳೆ ಚರಿಗೆಯೇ ಗೋಲ್ಡನ್ ಯೂನಿಟ್. ಹೋಲಿಕೆ ನಾಲ್ಕು ತಿಂಗಳು ನಡೆಯಿತು. ಆ ನಾಲ್ಕು ತಿಂಗಳೂ ಮನೆಯವರು ಚಪಾತಿ ತಿಂದರು.

ಇಂಥ ಜಯಕರನ ಮೇಲೆ ಅಧ್ಯಕ್ಷರ ಚುನಾವಣೆಯೊಂದು ಬಂದು ಎರಗಿತು.

ಅದೇನು ಯಾವುದೋ ಮಹಾದೇಶದ ಅಧ್ಯಕ್ಷಗಿರಿಯಲ್ಲ. ದ್ವೀಪದಲ್ಲಿರುವ ನಲವತ್ತಮೂರು ಕನ್ನಡ ಮನೆಗಳ ಕೂಟ ಅದು. ಹನ್ನೊಂದು ವರ್ಷ ಅದರ ಅಧ್ಯಕ್ಷರಾಗಿದ್ದವರು ಮೈಸೂರಿನ ಗಂಗಾಧರ. ಬೇರೆ ಯಾರಿಗೂ ಆ ಕುರ್ಚಿ ಬೇಕಿರಲಿಲ್ಲ, ಅವರಿಗೆ 'ಬೇಡ' ಅನ್ನಲು ಬರುತ್ತಿರಲಿಲ್ಲ. ಜಯಕರನ ಕಟ್ಟಡದಲ್ಲೇ ಹನ್ನೆರಡನೆಯ ಮಹಡಿಯಲ್ಲಿ ಅವರ ಮನೆ. ಯಾವ ಮಾತು ಹೇಳಿದರೂ ಕೊನೆಗೆ "ಸರಿ ತಾನೆ?" ಎಂದು ಕೇಳುವುದು ಅವರ ಅಭ್ಯಾಸ. ಜಯಕರ ಪ್ರತಿಸಲವೂ "ಹೋಲಿಸಿ ನೋಡಿ ಹೇಳ್ತೇನೆ" ಅನ್ನುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹೇಳಲಿಲ್ಲ.

ಕೂಟದ ನಿಯಮಗಳನ್ನು ಬರೆದವರೂ ಗಂಗಾಧರರೇ. ಹದಿನಾಲ್ಕನೆಯ ನಿಯಮ ಎಲ್ಲರಿಗೂ ಬಾಯಿಪಾಠ: 'ಅಧ್ಯಕ್ಷರು ಊರಲ್ಲಿಲ್ಲದಿದ್ದಲ್ಲಿ ಅವರು ಮರಳಿ ಬರುವವರೆಗೆ ಮುಖ್ಯ ನಿರ್ಧಾರಗಳನ್ನು ಮುಂದೂಡತಕ್ಕದ್ದು.' ಅವರು ರಜೆಗೆ ಮೈಸೂರಿಗೆ ಹೋದರೆ ಕೂಟ ಕೈಕಟ್ಟಿ ಕೂರುತ್ತಿತ್ತು. ಒಂದು ವರ್ಷ ರಾಜ್ಯೋತ್ಸವ ನಡೆದದ್ದು ಡಿಸೆಂಬರ್ ಕೊನೆಯಲ್ಲಿ, ಹಿನ್ನೆಲೆಯಲ್ಲಿ ಕ್ರಿಸ್‌ಮಸ್ ಮರವಿಟ್ಟುಕೊಂಡು.

ಎರಡು ಸಾವಿರದ ಇಪ್ಪತ್ತೊಂದರ ಜುಲೈಯಲ್ಲಿ ಕೋವಿಡ್ ಗಂಗಾಧರರನ್ನು ಒಂಬತ್ತೇ ದಿನಗಳಲ್ಲಿ ಮುಗಿಸಿತು. ಹೆಂಡತಿ ಭಾನುಮತಿ ಹತ್ತಿರ ಇರಲಿಲ್ಲ. ಹಿಂದಿನ ವರ್ಷದ ಮಾರ್ಚಿನಲ್ಲಿ ತಂಗಿಯ ಮಗಳ ಮದುವೆಗೆಂದು ಹತ್ತು ದಿನಕ್ಕೆ ಮೈಸೂರಿಗೆ ಹೋದವರು ಅವರು. ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಇಟ್ಟೇ ಹೋಗಿದ್ದರು. ಗಡಿ ಮುಚ್ಚಿತು, ವಿಮಾನ ನಿಂತಿತು; ಹತ್ತು ದಿನ ಹದಿನಾರು ತಿಂಗಳಾಯಿತು. ಮಕ್ಕಳಿರಲಿಲ್ಲ. ಚಿತೆಯ ಮಾತಿರಲಿ, ಮುಖ ನೋಡುವುದಕ್ಕೂ ಯಾರನ್ನೂ ಬಿಡಲಿಲ್ಲ. ಮೂರನೆಯ ದಿನ ಕೆಂಪು ಬಟ್ಟೆ ಕಟ್ಟಿದ ಒಂದು ಮಣ್ಣಿನ ಮಡಕೆಯನ್ನು ಕೂಟದ ಪರವಾಗಿ ಜಯಕರನ ಕೈಗೆ ಕೊಟ್ಟರು. ಕಾರಿನಲ್ಲಿ ಅದನ್ನು ಮುಂದಿನ ಸೀಟಿನಲ್ಲಿಟ್ಟು, ಸ್ವಲ್ಪ ಯೋಚಿಸಿ, ಬೆಲ್ಟನ್ನೂ ಹಾಕಿದ. ಆಗ ಭಾನುಮತಿಯ ಫೋನ್ ಬಂತು.

"ಜಯಕರ, ಅವರನ್ನ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಮಡಿಲಲ್ಲಿ ಇಟ್ಕೊಂಡು. ಅಲ್ಲೀವರೆಗೂ ಇಟ್ಕೋತೀರಾ?"

"ಇಟ್ಕೊಳ್ತೇನೆ ಅಕ್ಕ" ಎಂದುಬಿಟ್ಟ ಜಯಕರ. ಹೋಲಿಸಿ ನೋಡಲು ಸಮಯವಿರಲಿಲ್ಲ.

ತೊಂದರೆ ಶುರುವಾದದ್ದು ಮನೆ ತಲುಪಿದ ಮೇಲೆ. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ. ಹೊರಗೆ ಮರಕ್ಕೆ ಕಟ್ಟಬೇಕು. ಅವನ ಕಟ್ಟಡದ ಈಜುಕೊಳದ ಪಕ್ಕ ಒಂದು ದೇವಕಣಗಿಲೆ ಮರವಿತ್ತು. ಜಯಕರ ಭಕ್ತಿಯಿಂದ ಅದಕ್ಕೇ ಕಟ್ಟಿದ. ಆ ದೇಶದಲ್ಲಿ ದೇವಕಣಗಿಲೆ ಸ್ಮಶಾನದ ಮರ, ದೆವ್ವಕ್ಕೆ ಪ್ರಿಯವಾದದ್ದು ಎಂಬ ಸಂಗತಿ ಅವನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಈಜುಕೊಳ ಖಾಲಿಯಾಯಿತು. ಒಂದು ಗಂಟೆಯಲ್ಲಿ ಕಾವಲುಗಾರ ಮೇಲೆ ಬಂದ, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಮಾತಾಡಿದ. ಮಡಕೆ ಹತ್ತೊಂಬತ್ತನೆಯ ಮಹಡಿಗೆ ಏರಿತು. ಬಾಲ್ಕನಿಯ ಚಾವಣಿಯಲ್ಲಿ ಮನಿಪ್ಲಾಂಟ್ ತೂಗುತ್ತಿದ್ದ ಕೊಕ್ಕೆಗೆ ಅದನ್ನು ತೂಗುಹಾಕಿದರು. ಬಾಲ್ಕನಿ ಮನೆಯ ಒಳಗೋ ಹೊರಗೋ ಎಂಬ ಬಗ್ಗೆ ಜಯಕರ ಎರಡೂ ಪಕ್ಷದ ವಾದಗಳನ್ನು ಬರೆದ. ಹೊರಗು ಅರ್ಧ ಅಂಕದಿಂದ ಗೆದ್ದಿತು.

ಅಲ್ಲಿಂದ ವಿಮಾನ ನಿಲ್ದಾಣದ ರನ್‌ವೇ ಕಾಣುತ್ತಿತ್ತು. ಮೊದಲು ಹತ್ತು ನಿಮಿಷಕ್ಕೊಂದು ವಿಮಾನ ಏರುತ್ತಿದ್ದ ಜಾಗ ಈಗ ಒರೆಸಿಟ್ಟ ಹಲಗೆಯಂತೆ ಖಾಲಿ. ರಸ್ತೆಯಲ್ಲಿ ಸದ್ದಿಲ್ಲ. ಮಧ್ಯಾಹ್ನದ ಬಿಳಿ ಬಿಸಿಲಿನಲ್ಲಿ ಮಡಕೆ ಒಂದೇ ಅಲುಗುತ್ತಿತ್ತು. ಗಾಳಿ ಎಲ್ಲಿಂದ ಬೀಸಿದರೂ ಅದು ರನ್‌ವೇ ಕಡೆಗೇ ವಾಲುತ್ತದೆ ಎಂದು ಜಯಕರನಿಗೆ ಅನ್ನಿಸಿತು. ಹನ್ನೊಂದು ದಿನ ಬರೆದಿಟ್ಟುಕೊಂಡ. ಹನ್ನೊಂದು ದಿನವೂ ಹೌದು. ಹನ್ನೆರಡನೆಯ ದಿನದಿಂದ ಬರೆಯುವುದನ್ನು ನಿಲ್ಲಿಸಿದ.

ಆಗಸ್ಟ್ ಬಂತು. ಅದು ಚೀನೀಯರ ಏಳನೆಯ ತಿಂಗಳು, ಪ್ರೇತಗಳನ್ನು ರಜೆಯ ಮೇಲೆ ಹೊರಗೆ ಬಿಡುವ ತಿಂಗಳು. ಎದುರು ಮನೆಯ ಲಿಮ್ ಆಂಟಿ ಬಾಗಿಲ ಮುಂದೆ ಊದುಬತ್ತಿ ಹಚ್ಚಿ, ಕಿತ್ತಳೆ ಹಣ್ಣಿಟ್ಟು, ಒಂದು ಹಣ್ಣನ್ನು ಜಯಕರನ ಬಾಗಿಲ ಕಡೆಗೂ ತಳ್ಳಿದಳು.

"ಮಿಸ್ಟರ್ ಜೇ, ಯುವರ್ ಫ್ರೆಂಡ್ ಮಕಾನ್ ಆಲ್ರೆಡಿ? ನೋ ಮಕಾನ್, ಹಿ ಆಂಗ್ರಿ ಲಾ." ಮಕಾನ್ ಎಂದರೆ ಅಲ್ಲಿಯ ಮಾತಿನಲ್ಲಿ ಊಟ.

"ಅವರು ಉಪವಾಸ, ಆಂಟಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಜಯಕರ ಬಾಗಿಲು ಹಾಕಿಕೊಂಡ. ಹಣ್ಣನ್ನು ಮಾತ್ರ ವೇದಾ ತೆಗೆದುಕೊಂಡು ಹೋಗಿ ಮಡಕೆಯ ಕೆಳಗೆ ಇಟ್ಟಳು.

ಅದೇ ತಿಂಗಳು ಕೂಟ ಚುನಾವಣೆ ಘೋಷಿಸಿತು. ಜೊತೆಗೆ ಒಂದು ಠರಾವು: ಮಡಕೆಯ ವಿಷಯದಲ್ಲಿ ಹೊಸ ಅಧ್ಯಕ್ಷರ ಮಾತೇ ಕೊನೆಯ ಮಾತು, ದೀಪಾವಳಿಯೊಳಗೆ ತೀರ್ಮಾನ ಆಗತಕ್ಕದ್ದು. ಜಯಕರ ಕೊಟ್ಟ ಮಾತನ್ನು ಯಾರೂ ಕೇಳಲಿಲ್ಲ. ಅವನೂ ಗಟ್ಟಿಯಾಗಿ ಹೇಳಲಿಲ್ಲ. ಹನ್ನೊಂದು ವರ್ಷ ಯಾವ ಪಕ್ಷವನ್ನೂ ಹಿಡಿಯದವನು ಎಂಬ ಕೀರ್ತಿಗಾಗಿ ಅವನನ್ನೇ ಚುನಾವಣಾಧಿಕಾರಿ ಮಾಡಿದರು.

ಕಣದಲ್ಲಿ ಇಬ್ಬರು. ಕಾಲೇಜಿನಲ್ಲಿ ಪಾಠ ಮಾಡುವ ಚಾಮುಂಡಿ ಮೇಡಂ ಒಬ್ಬರು. ಇನ್ನೊಬ್ಬ ಬೆಂಗಳೂರಿನ ಕೌಶಲ್, ಸಾಫ್ಟ್‌ವೇರ್ ಮ್ಯಾನೇಜರ್, ಮೂವತ್ತನಾಲ್ಕು ವಯಸ್ಸು, ಸೀನು ಬಂದರೂ ಅದಕ್ಕೊಂದು ಆ್ಯಪ್ ಹುಡುಕುವವನು. ಮತದಾರರು ತಿಳಿದು ಮತ ಹಾಕಲಿ ಎಂದು ಜಯಕರ ಎಲ್ಲರೂ ನೋಡಬಹುದಾದ, ಬರೆಯಬಹುದಾದ ಒಂದು ಆನ್‌ಲೈನ್ ಹಾಳೆ ತೆರೆದ. ಹದಿಮೂರು ಪ್ರಶ್ನೆಗಳ ಹದಿಮೂರು ಸಾಲು. ಚಾಮುಂಡಿ ಅವರದೊಂದು ಕಾಲಂ, ಕೌಶಲ್‌ನದೊಂದು ಕಾಲಂ. ಗೋಲ್ಡನ್ ಯೂನಿಟ್ ಇಲ್ಲದೆ ಹೋಲಿಕೆ ಹೇಗೆ? ಆದ್ದರಿಂದ ಮೂರನೆಯ ಕಾಲಮ್ಮಿನ ನೆತ್ತಿಯಲ್ಲಿ ಗಂಗಾಧರ ಎಂದು ಬರೆದ. ಅವರ ನಿಲುವುಗಳನ್ನು ಹಳೆಯ ಸಭೆಗಳ ವರದಿ ನೋಡಿ ತುಂಬಿಸುವ ಯೋಚನೆಯಿತ್ತು. ಸದ್ಯಕ್ಕೆ ಖಾಲಿ ಬಿಟ್ಟ.

ಅಭ್ಯರ್ಥಿಗಳು ಉತ್ಸಾಹದಿಂದ ತುಂಬಿಸಿದರು. ಮಕ್ಕಳ ಕನ್ನಡ ತರಗತಿ? ಚಾಮುಂಡಿ: ಪ್ರತಿ ಶನಿವಾರ, ತಿಂಗಳಿಗೊಂದು ಪರೀಕ್ಷೆ. ಕೌಶಲ್: ಆ್ಯಪ್. ರಾಜ್ಯೋತ್ಸವದ ನಾಟಕ? ಚಾಮುಂಡಿ: ಪೌರಾಣಿಕ, ಎರಡೂವರೆ ಗಂಟೆ. ಕೌಶಲ್: ಮೂವತ್ತು ಸೆಕೆಂಡಿನ ವಿಡಿಯೊ. ಹದಿಮೂರನೆಯ ಸಾಲು, ಮಡಕೆ. ಅದನ್ನು ಜಯಕರ ಎರಡೆರಡು ಸಲ ಓದಿದ. ಚಾಮುಂಡಿ: ಇಷ್ಟು ದಿನ ತೂಗುಹಾಕುವುದು ಒಳ್ಳೆಯದಲ್ಲ, ದೋಣಿ ಮಾಡಿಕೊಂಡು ಇಲ್ಲೇ ಸಮುದ್ರದಲ್ಲಿ ಶಾಸ್ತ್ರೋಕ್ತವಾಗಿ ಬಿಡುವುದು. ಕೌಶಲ್: ಸರಕು ವಿಮಾನದಲ್ಲಿ ಕೊರಿಯರ್, ಟ್ರ್ಯಾಕಿಂಗ್ ನಂಬರ್ ಸಮೇತ. ಕಾಯುತ್ತೇವೆ ಎಂದು ಇಬ್ಬರೂ ಬರೆದಿರಲಿಲ್ಲ.

"ಈಗ ಯಾರಿಗೆ ಹಾಕ್ತೀರಿ?" ವೇದಾ ಕೇಳಿದಳು.

"ಎರಡೂ ಫೇಲ್ ಮಾರಾಯ್ತಿ."

"ಹಾಗಂತ ಹೇಳಿ ಮತ್ತೆ. ಬಾಯಿಲ್ವಾ ನಿಮಗೆ?"

"ಚುನಾವಣಾಧಿಕಾರಿ ಹಾಗೆಲ್ಲ ಹೇಳ್ಲಿಕ್ಕಾಗ್ತದಾ? ನೋಡುವ, ಇನ್ನೂ ಸಮಯ ಉಂಟು."

ವೇದಾ ಅವನನ್ನು ಒಂದು ಥರ ನೋಡಿ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಬಾಲ್ಕನಿಗೆ ಹೋದಳು.

ಮರುದಿನ ಮಧ್ಯಾಹ್ನ ಸರಿಯಾಗಿ ಮೂರು ಗಂಟೆ. ಆ ವಾರ ಜಯಕರನಿಗೆ ಮನೆಯಿಂದಲೇ ಕೆಲಸ. ಹಾಳೆ ತೆರೆದಿತ್ತು. ಮೂರನೆಯ ಕಾಲಮ್ಮಿನ ಮೊದಲ ಚೌಕದ ಸುತ್ತ ಹಸಿರು ಗೆರೆಯೊಂದು ಮೂಡಿತು. ಬೇರೆ ಯಾರೋ ಆ ಚೌಕದಲ್ಲಿ ಬರೆಯಲು ಬಂದಾಗ ಹಾಗಾಗುತ್ತದೆ. ಯಾರೆಂದು ಗೆರೆಯ ಮೂಲೆಯಲ್ಲಿ ಹೆಸರು ಬರುತ್ತದೆ. ಹೆಸರು ಬಂತು. ಗಂಗಾಧರ.

ಜಯಕರ ಕನ್ನಡಕ ಒರೆಸಿ ಹಾಕಿಕೊಂಡ. ಅಕ್ಷರಗಳು ಒಂದೊಂದಾಗಿ, ಒಂದೇ ಬೆರಳಿನಲ್ಲಿ ಒತ್ತಿದ ಹಾಗೆ, ಬರತೊಡಗಿದವು. 'ಗಣಪತಿಯನ್ನು ಕಂಪ್ಯೂಟರಿನಲ್ಲೇ ಕೂರಿಸಿ. ಕಡುಬು ಮಾತ್ರ ಮನೆಮನೆಗೆ ಹಂಚಿ. ಸರಿ ತಾನೆ?'

ಕೂದಲು ನೆಟ್ಟಗಾಗುವುದು ಎಂದು ಕೇಳಿದ್ದ. ತಲೆಯಲ್ಲಿ ಉಳಿದಿದ್ದ ಅಷ್ಟೂ ಕೂದಲು ಅವತ್ತು ಅದನ್ನು ಮಾಡಿ ತೋರಿಸಿದವು. ಅದೇ ಹೊತ್ತಿಗೆ ಬಾಲ್ಕನಿಯ ಗಾಜಿನ ಬಾಗಿಲ ಆಚೆಯಿಂದ ಗೊಣಗುಟ್ಟಿದಂತೆ ಒಂದು ಸದ್ದು. ಯಾರೋ ಯಾರಿಗೋ ಸಮಾಧಾನವಾಗಿ ಏನೋ ಹೇಳುತ್ತಿರುವ ಹಾಗೆ. ಎದ್ದು ಹೋಗಿ ಗಾಜಿಗೆ ಮೂಗು ಒತ್ತಿ ನೋಡಿದ. ಹಗ್ಗದ ಮೇಲೆ ಒಣಗಿದ ಸೀರೆ, ಕ್ಲಿಪ್ಪಿನ ಬುಟ್ಟಿ, ಕಿತ್ತಳೆ ಹಣ್ಣು, ಮಡಕೆ. ಮಡಕೆ ಮೆಲ್ಲಗೆ ತಲೆಯಾಡಿಸುತ್ತಿತ್ತು. ಬಾಗಿಲು ಸರಿಸುವ ಧೈರ್ಯವಾಗದೆ ಪರದೆ ಎಳೆದ.

ದಿನಕ್ಕೆ ಎರಡೋ ಮೂರೋ ಸಾಲು, ಮೂರು ಗಂಟೆಗೆ ಸರಿಯಾಗಿ. 'ಮಕ್ಕಳಿಗೆ ವ್ಯಾಕರಣ ಬೇಡ. ಮೊದಲು ಬೈಗುಳ ಕಲಿಸಿ, ಉಳಿದ ಕನ್ನಡ ತಾನೇ ಬರುತ್ತೆ. ಸರಿ ತಾನೆ?' 'ರಾಜ್ಯೋತ್ಸವದ ಊಟ ಮೂಲೆಯ ಮಾಮಕ್ ಊಟದಂಗಡಿಯವನಿಗೆ ಕೊಡಿ. ಅವನಿಗೆ ಚಿತ್ರಾನ್ನ ಕಲಿಸಿದ್ದೇನೆ. ಸರಿ ತಾನೆ?' 'ನಾಟಕದಲ್ಲಿ ಪಾತ್ರ ಸಿಗದವರಿಗೆ ಪರದೆ ಎಳೆಯುವ ಕೆಲಸ ಕೊಡಬೇಡಿ. ಸಿಟ್ಟಿನಲ್ಲಿ ಬೇಗ ಎಳೆಯುತ್ತಾರೆ. ಸರಿ ತಾನೆ?'

ಮಗಳು ತೃಪ್ತಿ, ಹತ್ತೊಂಬತ್ತು ವಯಸ್ಸು, ಕಾಲೇಜನ್ನು ಮಂಚದ ಮೇಲೆ ಮಲಗಿಯೇ ಮುಗಿಸುತ್ತಿದ್ದವಳು, ಅಪ್ಪನ ಹೆಗಲ ಮೇಲಿಂದ ಇಣುಕಿ ನೋಡಿದಳು.

"ಅಪ್ಪಾ, ಯುವರ್ ಶೀಟ್ ಈಸ್ ಹಾಂಟೆಡ್ ಲಾ."

"ಯಾರೋ ತಮಾಷೆ ಮಾಡ್ತಿದ್ದಾರೆ ಮಗಾ. ಅಕೌಂಟ್ ಕದ್ದಿರಬೇಕು."

"ಹೂ ವಿಲ್ ಸ್ಟೀಲ್ ಗಂಗಾಧರ್ ಅಂಕಲ್ಸ್ ಅಕೌಂಟ್? ಫಾರ್ ವಾಟ್? ಕಡುಬು?"

ಭಾನುಮತಿ ಇರಬಹುದೇ ಎಂದು ಜಯಕರ ಯೋಚಿಸಿದ. ಆದರೆ ಅವರಿಗೆ ಫೋನಿನಲ್ಲಿ ಹಸಿರು ಗುಂಡಿ ಒತ್ತುವುದು ಬಿಟ್ಟು ಬೇರೇನೂ ಬಾರದೆಂಬುದು ಇಡೀ ಕೂಟಕ್ಕೆ ಗೊತ್ತು; ಗಂಗಾಧರರೇ ಅದನ್ನು ಹತ್ತು ಸಲ ಹೇಳಿ ನಗಿಸಿದ್ದರು.

ಇನ್ನೂ ಭಯಂಕರವಾದದ್ದು ಕೂಟದ ವಾಟ್ಸ್ಆ್ಯಪ್ ಗುಂಪು. ಉಪ್ಪಿಟ್ಟಿಗೆ ಸಕ್ಕರೆ ಹಾಕಬೇಕೇ ಎಂಬ ಪ್ರಶ್ನೆಗೆ ಇನ್ನೂರು ಸಂದೇಶ ಕಳಿಸಿದ ಗುಂಪು ಅದು. ನಲವತ್ತಮೂರು ಮನೆಯವರೂ ಹಾಳೆ ನೋಡುತ್ತಿದ್ದರು. ಮೂರು ಗಂಟೆಗೆ ಮೂವತ್ತು ಜನ ಒಟ್ಟಿಗೆ ತೆರೆದಿರುತ್ತಿದ್ದರು. ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. 'ಶುಭೋದಯ' ಎಂಬ ಹೂವಿನ ಚಿತ್ರಗಳು ಕೂಡ ನಿಂತುಹೋದವು.

ನಾಲ್ಕನೆಯ ದಿನ ಒಂಬತ್ತನೆಯ ಸಾಲು ತುಂಬಿತು. ಪ್ರಶ್ನೆ: ಕೂಟದ ಕ್ಯಾರಂ ಬೋರ್ಡಿಗೆ ಕೆಂಪು ಕಾಯಿ ಇಲ್ಲ, ಹೊಸ ಬೋರ್ಡ್ ತರಬೇಕೇ? ಉತ್ತರ: 'ಬೇಡ. ಕೆಂಪು ಕಾಯಿ ಜಯಕರನ ಹತ್ತಿರ ಇದೆ. ಕೊಡುತ್ತಾನೆ. ಸರಿ ತಾನೆ?'

ಎರಡು ವರ್ಷದ ಹಿಂದಿನ ದೀಪಾವಳಿ ಪಂದ್ಯದಲ್ಲಿ ಜಯಕರ ಗಂಗಾಧರರ ಎದುರು ಸೋಲುತ್ತಿದ್ದಾಗ ಕರೆಂಟು ಹೋಗಿತ್ತು. ಆ ಅರ್ಧ ನಿಮಿಷದ ಕತ್ತಲೆಯಲ್ಲಿ ಅವನು ಬದುಕಿನ ಏಕೈಕ ಅಪರಾಧ ಮಾಡಿದ್ದ. ಕೆಂಪು ಕಾಯಿ ಈಗಲೂ ಅವನ ಬೀರುವಿನಲ್ಲಿ, ಮದುವೆಯ ಕೋಟಿನ ಒಳಜೇಬಿನಲ್ಲಿತ್ತು. ವೇದಾಗೆ ಕೂಡ ಗೊತ್ತಿರಲಿಲ್ಲ. ಯಾರೂ ಓದಿರದಿರಲಿ ಎಂದು ಬೇಡಿಕೊಳ್ಳುತ್ತಾ ಆ ಉತ್ತರವನ್ನು ಕೂಡಲೇ ಅಳಿಸಿದ. ಮರುದಿನ ಮೂರಕ್ಕೆ ಮತ್ತೆ ಬಂತು. ಕೊನೆಗೆ ಆ ಸಾಲನ್ನೇ ದಾರದಷ್ಟು ತೆಳ್ಳಗೆ ಕುಗ್ಗಿಸಿ ಮುಚ್ಚಿಟ್ಟ.

ಎರಡು ದಿನ ಬಿಟ್ಟು ಹದಿಮೂರನೆಯ ಸಾಲು. ಹಸಿರು ಗೆರೆ ಬಹಳ ಹೊತ್ತು ಸುಮ್ಮನೆ ಕುಳಿತಿತ್ತು. ಆಮೇಲೆ, 'ಇಲ್ಲಿ ಗಾಳಿ ಜಾಸ್ತಿ. ಪರವಾಗಿಲ್ಲ, ಕಾಯುತ್ತೇನೆ. ಸರಿ ತಾನೆ?'

ಮತದಾನ ಶುರುವಾಗುವ ಶನಿವಾರ ಬಂತು. ಜಯಕರ ಬೆಳಿಗ್ಗೆಯೇ ಮತಪತ್ರದ ಫಾರಂ ತಯಾರಿಸಿ ಎಲ್ಲರಿಗೂ ಕಳಿಸಿದ. ಅಭ್ಯರ್ಥಿಗಳ ಹೆಸರು ತಪ್ಪಾಗಬಾರದೆಂದು ಕೈಯಿಂದ ಬರೆಯದೆ ಹಾಳೆಯ ನೆತ್ತಿಯಿಂದಲೇ ನೇರವಾಗಿ ಎತ್ತಿಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಆರು ಮತ ಬಿದ್ದಿದ್ದವು. ಎಣಿಕೆ ನೋಡಿದ. ಚಾಮುಂಡಿ ಎರಡು. ಕೌಶಲ್ ಒಂದು. ಗಂಗಾಧರ ಮೂರು.

ಇಪ್ಪತ್ತಾರು ವರ್ಷ ಚಿಪ್ಪುಗಳಲ್ಲಿ ತಪ್ಪು ಹುಡುಕಿದವನು ತನ್ನ ಫಾರಮ್ಮಿನಲ್ಲಿ ಗೋಲ್ಡನ್ ಯೂನಿಟ್ಟನ್ನೇ ಚುನಾವಣೆಗೆ ನಿಲ್ಲಿಸಿದ್ದ! ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಯಂತ್ರ ನಿಲ್ಲಿಸಿ ಗಂಟೆ ಬಾರಿಸುತ್ತಿದ್ದರು. ಜಯಕರ ಫಾರಂ ರದ್ದು ಮಾಡಲು ಗುಂಡಿಯ ಮೇಲೆ ಬೆರಳಿಟ್ಟ. ಆಗ ಮೂರು ಹೊಡೆಯಿತು. ಗಾಜಿನ ಆಚೆ ಗೊಣಗಾಟ ಶುರುವಾಯಿತು.

ಈ ಸಲ ಅವನು ಪರದೆ ಎಳೆಯಲಿಲ್ಲ. ಪೊರಕೆಯನ್ನು ಗದೆಯಂತೆ ಹಿಡಿದು, ಬಾಗಿಲು ಸರಿಸಿ, ಬಾಲ್ಕನಿಗೆ ನುಗ್ಗಿದ.

"...ಬಿಸಿಬೇಳೆಬಾತ್ ಮಾಡಿದ್ದೆ ಕಣ್ರೀ. ಒಬ್ಬಳಿಗೇ ಜಾಸ್ತಿ ಆಯ್ತು. ಅಲ್ಲಿ ಇವತ್ತೂ ಅಷ್ಟೇ ಗಾಳೀನಾ?"

ಭಾನುಮತಿಯ ದನಿ ಕ್ಲಿಪ್ಪಿನ ಬುಟ್ಟಿಯಿಂದ ಬರುತ್ತಿತ್ತು. ಕ್ಲಿಪ್ಪುಗಳ ನಡುವೆ ವೇದಾಳ ಫೋನು, ಮಡಕೆಯ ಕಡೆಗೆ ಮುಖ ಮಾಡಿ ಮಲಗಿತ್ತು. ಹಿಂದೆ ವೇದಾ ಬಂದು ನಿಂತಿದ್ದಳು.

"ಇಲ್ಲಿ ಮೂರು ಗಂಟೆ ಅಂದ್ರೆ ಅವರಿಗೆ ಅಲ್ಲಿ ಹನ್ನೆರಡೂವರೆ" ಎಂದಳು ಮೆಲ್ಲಗೆ. "ದಿನಾ ಊಟ ಮಾಡುವಾಗ ಮಾತಾಡ್ತಾರೆ. ನಿಮಗೆ ಹೇಳಿದ್ರೆ ಅಸ್ಥಿ ಹತ್ತಿರ ಫೋನ್ ಇಡಬಹುದಾ ಬಾರದಾ ಅಂತ ಪಟ್ಟಿ ಹಾಕ್ತೀರಿ."

ಜಯಕರ ಪೊರಕೆ ಕೆಳಗಿಟ್ಟು ಬುಟ್ಟಿಯ ಮೇಲೆ ಬಾಗಿದ. "ಅಕ್ಕ, ನಾನು ಜಯಕರ. ಆ ಹಾಳೆಯಲ್ಲಿ ಬರೀತಿದ್ದದ್ದು ನೀವಾ?"

"ಹ್ಞೂಂ. ಅವರ ಹಳೇ ಟ್ಯಾಬ್ ಇಲ್ಲೇ ಇತ್ತಲ್ಲ, ಪಕ್ಕದ ಮನೆ ಹುಡುಗಿ ಕಲಿಸಿಕೊಟ್ಟಳು. ತಪ್ಪಾಯ್ತಾ?"

"ಹನ್ನೊಂದು ವರ್ಷ ಅವರ ಜೊತೆ ಇದ್ದೆ, ನನಗೇ ಅನುಮಾನ ಬರಲಿಲ್ಲ. ಅಷ್ಟು ಸರಿಯಾಗಿ ಹೇಗೆ ಬರೆದ್ರಿ?"

"ನಾನೆಲ್ಲಿ ಬರೆದೆ?" ಭಾನುಮತಿಯ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಪ್ರಶ್ನೆ ಓದ್ತೀನಿ. ಅವರು ಹೇಳಿದ್ದನ್ನ ಒತ್ತುತ್ತೀನಿ. ಅಷ್ಟೆ."

ಬಿಸಿಲಿನಲ್ಲಿ ಮಡಕೆ ಒಮ್ಮೆ ತಿರುಗಿ ನಿಂತಿತು. ಜಯಕರ ಬುಟ್ಟಿಯ ಕಡೆ ಇನ್ನಷ್ಟು ಬಾಗಿದ.

"ಕ್ಯಾರಂ ವಿಷಯ ಕೂಡ ಅವರೇ ಹೇಳಿದ್ರಾ?"

"ಯಾವ ಕ್ಯಾರಂ? ಆ ಸಾಲು ನಂಗೊತ್ತಿಲ್ಲಪ್ಪ. ಆಟದ್ದು ಅಂತ ಬಿಟ್ಟುಬಿಟ್ಟೆ. ನಾನು ತುಂಬಿಸಿದ್ದು ಹನ್ನೆರಡೇ." ಸ್ವಲ್ಪ ತಡೆದು ಅವರು ಕೇಳಿದರು: "ಜಯಕರ, ದೀಪಾವಳಿ ಒಳಗೆ ಅವರನ್ನ ಕಳಿಸಿಬಿಡ್ತಾರಂತೆ, ಹೌದಾ? ನಾನು ಬರೋ ಹೊತ್ತಿಗೆ ಇರಲ್ವಾ?"

ಜಯಕರ ಒಳಗೆ ಬಂದು ಲ್ಯಾಪ್‌ಟಾಪ್ ಮುಂದೆ ಕುಳಿತ. ರದ್ದು ಮಾಡುವ ಗುಂಡಿ ಇನ್ನೂ ಅಲ್ಲೇ ಕಾಯುತ್ತಿತ್ತು. ಬಲಗಡೆ ನ್ಯಾಯ, ನಿಯಮ, ಮಾನ, ಇಪ್ಪತ್ತಾರು ವರ್ಷದ ವೃತ್ತಿಧರ್ಮ. ಎಡಗಡೆ ಕಾರಿನಲ್ಲಿ ಕುಳಿತು ಹೇಳಿದ ಎರಡು ಶಬ್ದ. ಅಂಕ ಕೊಡಲು ಪೆನ್ನು ತೆಗೆದ. ಮತ್ತೆ ಪೆನ್ನಿಗೆ ಮುಚ್ಚಳ ಹಾಕಿ ಲ್ಯಾಪ್‌ಟಾಪನ್ನೇ ಮುಚ್ಚಿದ. ಫಾರಂ ಹಾಗೇ ಉಳಿಯಿತು. ಜಗತ್ತಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಹಸಗಳು ನಡೆದಿರಬಹುದು; ಆ ಕಟ್ಟಡದಲ್ಲಂತೂ ನಡೆದಿರಲಿಲ್ಲ.

ಫಲಿತಾಂಶದ ಝೂಮ್ ಸಭೆ ಭಾನುವಾರ ಎರಡೂವರೆಗೆ ಇತ್ತು. ಕನ್ನಡ ಕೂಟದ ಸಮಯಪಾಲನೆಯಂತೆ ಶುರುವಾದಾಗ ಮೂರಕ್ಕೆ ಐದು ನಿಮಿಷ. ಜಯಕರ ಶರ್ಟು ಇಸ್ತ್ರಿ ಮಾಡಿಸಿಕೊಂಡು ಕುಳಿತಿದ್ದ. ಕೆಳಗೆ ಪಂಚೆ, ಅದು ಯಾರಿಗೂ ಕಾಣುವಂತಿರಲಿಲ್ಲ.

"ಕೌಶಲ್, ಹನ್ನೆರಡು. ಚಾಮುಂಡಿ, ಹದಿಮೂರು" ಎಂದು ಓದಿ ನೀರು ಕುಡಿದ. "ಗಂಗಾಧರ, ಹದಿನೆಂಟು."

ನಲವತ್ತಮೂರು ಚೌಕಗಳಲ್ಲಿ ನಲವತ್ತಮೂರು ಮುಖಗಳು ಕಲ್ಲಾದವು. ತಮ್ಮೊಬ್ಬರದೇ ಮತ, ಯಾರಿಗೂ ತಿಳಿಯದು ಎಂದು ಹದಿನೆಂಟು ಜನರೂ ಅಂದುಕೊಂಡಿದ್ದರು.

"ಏನ್ರೀ ಜಯಕರ ಇದು?" ಚಾಮುಂಡಿ ಮೊದಲು ಚೇತರಿಸಿಕೊಂಡರು. "ಇರೋರು ಇಬ್ಬರು ನಿಂತಿದ್ರೆ ಇಲ್ಲದೋರು ಗೆಲ್ಲೋದಾ? ಯಾರ್ರೀ ಅವರ ಹೆಸರು ಹಾಕಿದ್ದು?"

"ಫಾರಂ ತಾನೇ ತೆಗೆದುಕೊಂಡಿತು ಮೇಡಂ" ಎಂದ ಜಯಕರ. ಅದು ಸುಳ್ಳಲ್ಲ.

"ಸರ್, ಸಿಂಪಲ್" ಎಂದ ಸಭೆಯ ತಾಂತ್ರಿಕ ಉಸ್ತುವಾರಿಯನ್ನೂ ಹೊತ್ತಿದ್ದ ಕೌಶಲ್. "ಆ ಹದಿನೆಂಟನ್ನ ಡಿಲೀಟ್ ಮಾಡಿ ರೀಪೋಲ್..." ಮಾತು ಅರ್ಧಕ್ಕೆ ನಿಂತಿತು. ಮುಖ ಪರದೆಯ ಹತ್ತಿರ ಬಂತು. "ಸರ್... ನಿಮಗೂ ಕಾಣಿಸ್ತಿದೆಯಾ?"

ಜಯಕರನಿಗೂ ಕಾಣಿಸುತ್ತಿತ್ತು. ಗಡಿಯಾರ ಮೂರು ತೋರಿಸುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ: ಗಂಗಾಧರ ಅವರು ಹೊರಗೆ ಕಾಯುತ್ತಿದ್ದಾರೆ. ಒಳಗೆ ಬಿಡಬೇಕೆ?

"ಯಾರ್ರೀ? ಯಾರು ಕಾಯ್ತಿರೋದು?" ಚಾಮುಂಡಿಯ ದನಿ ಸಣ್ಣಗಾಗಿತ್ತು.

"ಅಧ್ಯಕ್ಷರು" ಎಂದ ಜಯಕರ.

ಒತ್ತುವುದು ಯಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆನ್ನಿನಲ್ಲಿ ತಣ್ಣನೆಯ ಹುಳ ಹರಿಯಿತು. ಆದರೆ ಆ ಹುಳಕ್ಕೆ ಮುಸಿಮುಸಿ ನಗುವೂ ಅಂಟಿಕೊಂಡಿತ್ತು ಎಂಬುದನ್ನು ಮುಚ್ಚಿಡಬಾರದು. ಹಸಿರು ಗುಂಡಿ ಒತ್ತಿದ.

ನಲವತ್ತನಾಲ್ಕನೆಯ ಚೌಕ ತೆರೆಯಿತು. ಅದರಲ್ಲಿ ಗಂಗಾಧರರ ಹಳೆಯ ಫೋಟೊ. ಯಾವುದೋ ರಾಜ್ಯೋತ್ಸವದ್ದು, ಮೈಸೂರು ಪೇಟ ತೊಟ್ಟು ನಗುತ್ತಿದ್ದರು. ಮಾತಿಲ್ಲ. ಬರೀ ಗಾಳಿಯ ಸದ್ದು. ಎತ್ತರದಲ್ಲಿ ಮಾತ್ರ ಬೀಸುವ ಉದ್ದನೆಯ ಗಾಳಿ, ಅದರ ನಡುವೆ ಮಣ್ಣಿನ ಮಡಕೆ ಕಬ್ಬಿಣದ ಕಂಬಿಗೆ ಮೆಲ್ಲಗೆ ತಾಗುವ ಟಕ್, ಟಕ್. ಬುಟ್ಟಿಯೊಳಗಿನ ಫೋನಿನಿಂದ ಮೈಸೂರಿಗೆ ಹೋಗಿ, ಅಲ್ಲಿಯ ಫೋನಿನಿಂದ ಹೊರಟು, ಪಕ್ಕದಲ್ಲಿದ್ದ ಟ್ಯಾಬ್ ಹೊಕ್ಕು, ಆ ಗಾಳಿ ಮರಳಿ ದ್ವೀಪದ ನಲವತ್ತಮೂರು ಮನೆಗಳಿಗೆ ಬೀಸುತ್ತಿತ್ತು.

ಜಯಕರ ನಿಯಮಾವಳಿ ಎತ್ತಿಕೊಂಡ. "ನಿಯಮ ಹದಿನಾಲ್ಕು. ಅಧ್ಯಕ್ಷರು ಊರಲ್ಲಿಲ್ಲದಿದ್ದಲ್ಲಿ ಅವರು ಮರಳಿ ಬರುವವರೆಗೆ ಮುಖ್ಯ ನಿರ್ಧಾರಗಳನ್ನು ಮುಂದೂಡತಕ್ಕದ್ದು. ಮಡಕೆ ಮುಖ್ಯ ನಿರ್ಧಾರ. ಆದ್ದರಿಂದ ಭಾನುಮತಿ ಅಕ್ಕ ಬರುವವರೆಗೆ ಅದು ನನ್ನ ಬಾಲ್ಕನಿಯಲ್ಲೇ ಇರ್ತದೆ. ನಾನು ಮಾತು ಕೊಟ್ಟಿದ್ದೇನೆ." ಕೊನೆಯ ಮಾತು ಅವನಿಗೇ ಗಟ್ಟಿಯಾಗಿ ಕೇಳಿಸಿತು. "ಆಕ್ಷೇಪ ಇದ್ದವರು ಅಧ್ಯಕ್ಷರ ಎದುರಿಗೇ ಹೇಳಬಹುದು."

ಟಕ್, ಟಕ್.

ಚಾಮುಂಡಿ ಪರದೆಗೆ ಕೈಮುಗಿದರು. ಕೌಶಲ್ ಯಾವ ಆ್ಯಪನ್ನೂ ಸೂಚಿಸಲಿಲ್ಲ. ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.

ಆಮೇಲೆ ಬಂದ ಗಣಪತಿಯನ್ನು ಕಂಪ್ಯೂಟರಿನಲ್ಲೇ ಕೂರಿಸಿ ಕಡುಬು ಹಂಚಿದರು. ರಾಜ್ಯೋತ್ಸವದ ಊಟ ಮಾಮಕ್ ಅಂಗಡಿಯಿಂದ ಪೊಟ್ಟಣದಲ್ಲಿ ಬಂತು; ಅವನಿಗೆ ಚಿತ್ರಾನ್ನ ನಿಜವಾಗಿಯೂ ಬರುತ್ತಿತ್ತು. ಆ ಏಳು ತಿಂಗಳು ಕೂಟ ನಡೆದಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ನಡೆದಿರಲಿಲ್ಲ. ಜಗಳವಾಡಿದರೆ ಅಧ್ಯಕ್ಷರು ಬಂದು ಬಿಡುತ್ತಾರೆಂಬ ಭಯ ಎಲ್ಲರಿಗೂ ಇತ್ತು.

ಎರಡು ಸಾವಿರದ ಇಪ್ಪತ್ತೆರಡರ ಏಪ್ರಿಲಿನಲ್ಲಿ ಗಡಿ ತೆರೆಯಿತು. ಹತ್ತು ದಿನಕ್ಕೆಂದು ಹೋದ ಭಾನುಮತಿ ಇಪ್ಪತ್ತೈದು ತಿಂಗಳ ಮೇಲೆ ಬಂದರು. ಚಪ್ಪಲಿ ಬಿಟ್ಟವರೇ ಕಾಫಿ ಬೇಡವೆಂದು ನೇರ ಬಾಲ್ಕನಿಗೆ ಹೋದರು. "ತಡ ಆಯ್ತು, ಬೈಬೇಡಿ" ಎಂದದ್ದು ಗಾಜಿನ ಈಚೆ ನಿಂತವರಿಗೂ ಕೇಳಿಸಿತು. ಎರಡು ದಿನ ಉಳಿದರು. ಹೊರಡುವ ಬೆಳಿಗ್ಗೆ ಜಯಕರನೇ ಮಡಕೆ ಇಳಿಸಿ ಅವರ ಕೈಗಿಟ್ಟ. ಆಮೇಲೆ ಮದುವೆಯ ಕೋಟಿನ ಜೇಬಿನಿಂದ ತೆಗೆದ ಕೆಂಪು ಕಾಯಿಯನ್ನು ಮುಂದೆ ಹಿಡಿದ.

"ಇದೇನು?"

"ಅವರದ್ದು ಅಕ್ಕ. ಜೊತೆಗೆ ಕಟ್ಟಿ."

ಭಾನುಮತಿ ಕೆಂಪು ಬಟ್ಟೆಯ ತುದಿಯಲ್ಲಿ ಕೆಂಪು ಕಾಯಿ ಕಟ್ಟಿ ಗಂಟು ಹಾಕಿದರು.

ಎರಡೂವರೆಗೆ ರನ್‌ವೇಯಿಂದ ವಿಮಾನ ಎದ್ದಿತು. ಜಯಕರ, ವೇದಾ ಇಬ್ಬರೂ ಬಾಲ್ಕನಿಯಲ್ಲಿ ನಿಂತು ಅದು ಮೋಡ ಸೇರುವವರೆಗೆ ನೋಡಿದರು. ಅದರಲ್ಲಿ ಭಾನುಮತಿ, ಅವರ ಮಡಿಲಲ್ಲಿ ಗಂಗಾಧರ, ಕಾಲ ಬಳಿಯ ಚೀಲದಲ್ಲಿ ಆರಿಸಿಟ್ಟ ಟ್ಯಾಬ್. ವೇದಾ ಕೊಕ್ಕೆಗೆ ಮನಿಪ್ಲಾಂಟ್ ಮರಳಿ ತೂಗುಹಾಕಿ ಕಾಫಿ ತಂದಳು.

ಒಳಗೆ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಹಾಳೆಯಲ್ಲಿ ಯಾರೋ ಏನೋ ಬರೆದರೆ ಬರುವ ಸದ್ದು ಅದು. ಚುನಾವಣೆ ಮುಗಿದ ಮೇಲೆ ಆ ಹಾಳೆಯನ್ನು ಯಾರೂ ಮುಟ್ಟಿರಲಿಲ್ಲ. ವೇದಾ ಗಡಿಯಾರ ನೋಡಿದಳು, ಗಂಡನ ಮುಖ ನೋಡಿದಳು.

"ಮೂರು ಗಂಟೆ" ಎಂದಳು. "ನೋಡಲ್ವಾ?"

ಹಿಂದಿನ ಹಾಳೆಯ ಜೊತೆ ಇಟ್ಟು ನೋಡಿದರೆ ಯಾವ ಸಾಲು ಬದಲಾಗಿದೆ, ಯಾರು ಬದಲಿಸಿದರು ಎಂಬುದು ಒಂದು ನಿಮಿಷದ ಕೆಲಸ. ಜಯಕರ ಕಾಫಿ ಲೋಟ ಕೆಳಗಿಟ್ಟ. ಎದ್ದೇಳುತ್ತಾನೆಂದು ವೇದಾ ಅಂದುಕೊಂಡಳು. ಅವನು ಏಳಲಿಲ್ಲ. ಖಾಲಿ ಆಕಾಶದ ಕಡೆ ತಿರುಗಿ, ಹನ್ನೊಂದು ವರ್ಷದಿಂದ ಬಾಕಿಯಿದ್ದ ಉತ್ತರವನ್ನು ಹೋಲಿಸಿ ನೋಡದೆ ಹೇಳಿದ.

"ಸರಿ."